ವಿಆರ್ ಸೀನ್‌ನಲ್ಲಿ ಭಯ ಇದ್ದಾಗ ಸೂಚನೆ ಎಲ್ಲಿಡಬೇಕು
ಫೈರ್ ಸೇಫ್ಟಿ ಟ್ರೈನಿಂಗ್‌ಗೆ ವಿಆರ್ (ಹೆಡ್‌ಸೆಟ್ ಹಾಕ್ಕೊಂಡು ನೋಡೋ ವರ್ಚುವಲ್ ರಿಯಾಲಿಟಿ) ಸೀನ್ ಮಾಡೋರಿಗೆ ಒಂದು ಸಲಹೆ. ಬೆಂಕಿ ಹೊತ್ಕೊಂಡ ಕ್ಷಣದಲ್ಲೇ ಎಕ್ಸಿಟ್ ಬೋರ್ಡನ್ನ ಪಕ್ಕದಲ್ಲೆಲ್ಲೋ ತೋರಿಸ್ಬೇಡಿ, ಗಾಬರಿ ಆದಾಗ ಕಣ್ಣು ಬೆಂಕಿ ಮೇಲೇ ನೆಟ್ಟಿರುತ್ತೆ, ಅಂಚಲ್ಲಿರೋದು ಗಮನಕ್ಕೆ ಬರೋದು ಕಷ್ಟ, ಈಸ್ಟರ್‌ಬ್ರೂಕ್ ಅನ್ನೋ ಮನಶ್ಶಾಸ್ತ್ರಜ್ಞರು 1959ರಲ್ಲೇ ಉದ್ವೇಗ ಹೆಚ್ಚಾದಷ್ಟೂ ಗಮನ ಕಿರಿದಾಗುತ್ತೆ ಅಂತ ಬರೆದಿದ್ರು, ಅದರ ಮೇಲೆ ಬರಿಗಣ್ಣಿಗೆ ಅಡ್ಡಕ್ಕೆ ಸುಮಾರು 200 ಡಿಗ್ರಿ ಕಾಣ್ಸಿದ್ರೆ ಹೆಚ್ಚಿನ ಹೆಡ್‌ಸೆಟ್‌ಗಳಲ್ಲಿ 100ರ ಆಸುಪಾಸು ಅಷ್ಟೇ. ಹಾಗಾಗಿ ದಾರಿನ ಮೊದಲೇ, ಸೀನ್ ಶಾಂತವಾಗಿರುವಾಗ ತೋರ್ಸಿ. ಬೆಂಕಿ ಶುರುವಾದ್ಮೇಲೆ ಬೇಕಿದ್ರೆ ಬಾಗಿಲ ಕಡೆಯಿಂದ ಸೌಂಡ್ ಕೊಡಿ. ಇನ್ನು ಟೆಸ್ಟ್ ಮಾಡುವಾಗ ತಲೆ ಎತ್ತ ತಿರುಗಿತು ಅನ್ನೋದನ್ನ ಮಾತ್ರ ನಂಬ್ಬೇಡಿ, ಐ ಟ್ರ್ಯಾಕಿಂಗ್ (ಕಣ್ಣು ಎಲ್ಲಿ ನೋಡ್ತಿದೆ ಅಂತ ಗುರುತಿಸೋ ವ್ಯವಸ್ಥೆ) ಇರೋ ಹೆಡ್‌ಸೆಟ್ ಸಿಕ್ಕಿದ್ರೆ ಅದನ್ನೇ ಬಳಸಿ. ಯಾರಿಗಾದ್ರೂ ತೀರಾ ಭಯ ಆದ್ರೆ ದಯವಿಟ್ಟು ತಕ್ಷಣ ನಿಲ್ಸಿ.