ಪಾರ್ಸೆಲ್‌ನಲ್ಲಿ ಬಂದ ಐರಿಸ್ ಕೊಳೆಯದಂತೆ ನೆಡುವುದು ಹೇಗೆ?

ಆನ್‌ಲೈನ್‌ನಲ್ಲಿ ತರಿಸಿದ ಐರಿಸ್ ಹೂಗಿಡ ನೀರಿಲ್ಲದೆ ಸಾಯುವುದು ಕಡಿಮೆ, ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬಾಡಿದ ಎಲೆ ಕಂಡು ಕನಿಕರವಾಗಿ, ಅವತ್ತೇ ಕುಂಡಕ್ಕಿಳಿಸಿ ಚೊಂಬುಗಟ್ಟಲೆ ನೀರು ಸುರಿಯುತ್ತೇವೆ. ಗಾಯವಾದ ಗೆಡ್ಡೆಯೊಳಗೆ ಬ್ಯಾಕ್ಟೀರಿಯಾ ನುಗ್ಗಲು ಅಷ್ಟು ಸಾಕು. ಶುಂಠಿಯಂತಿರುವ ಈ ಗೆಡ್ಡೆ ನೀರು, ಆಹಾರ ಎರಡನ್ನೂ ಒಳಗೇ ಕೂಡಿಟ್ಟುಕೊಂಡಿರುತ್ತದೆ; ನಾಲ್ಕು ದಿನ ಮಣ್ಣು ಕಾಣದಿದ್ದರೂ ಏನೂ ಆಗದು.

ಇದು ಎಸಳಿನ ಮೇಲೆ ಗಡ್ಡದಂಥ ಕುಚ್ಚಿರುವ ಬಿಯರ್ಡೆಡ್ ಐರಿಸ್‌ನ ಮಾತು. ಚಳಿಯೂರಿನ ಗಿಡ, ಬೆಂಗಳೂರಲ್ಲಿ ಹೂವಿನ ಭರವಸೆ ಕಡಿಮೆಯೇ. ಲೂಸಿಯಾನ ಐರಿಸ್ ಆದರೆ ಲೆಕ್ಕ ಉಲ್ಟಾ: ಅದು ಜೌಗಿನ ಗಿಡ, ಒಣಗಿಸಲೇಬಾರದು. ಮೊದಲು ಲೇಬಲ್ ಓದಿ.

ಪಾರ್ಸೆಲ್ ಬಂದ ದಿನವೇ ಬಿಚ್ಚಿ, ಪ್ಲಾಸ್ಟಿಕ್ ಮತ್ತು ಒದ್ದೆ ಪೇಪರ್ ತೆಗೆದುಹಾಕಿ. ಗೆಡ್ಡೆಯನ್ನು ಮೂಸಿ, ಹೆಬ್ಬೆರಳಿಂದ ಒತ್ತಿ ನೋಡಿ. ಗಟ್ಟಿಯಿದ್ದರೆ ಸರಿ. ಮೆತ್ತಗಾಗಿ, ಲೋಳೆಯಾಗಿ ಗಬ್ಬು ನಾರುತ್ತಿದ್ದರೆ ಕೊಳೆ ಹತ್ತಿದೆ. ಬಿಳಿ ಗಟ್ಟಿ ತಿರುಳು ಕಾಣುವವರೆಗೂ ಕೆತ್ತಿ ತೆಗೆಯಿರಿ. ಒಂದೊಂದು ಸಲ ಕೊಯ್ದ ಮೇಲೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಚಾಕುವೇ ರೋಗ ಹಂಚುತ್ತದೆ. ಎಲೆಗಳನ್ನು ಸುಮಾರು 15 ಸೆಂ.ಮೀ.ಗೆ ಕತ್ತರಿಸಿ.

ಆಮೇಲೆ ಗಾಳಿಯಾಡುವ ನೆರಳಲ್ಲಿ ಒಂದೆರಡು ದಿನ ಸುಮ್ಮನೆ ಬಿಡಿ. ಕೊಯ್ದ ಜಾಗ ಒಣಗಿ ಹಕ್ಕಳೆ ಕಟ್ಟಬೇಕು. ದಾಲ್ಚಿನ್ನಿ ಪುಡಿ ಸವರುವವರಿದ್ದಾರೆ, ಬೇಡವೆನ್ನುವುದಿಲ್ಲ. ಆದರೆ ಕೆಲಸ ಮಾಡುವುದು ಈ ಒಣಗುವಿಕೆ.

ಮಣ್ಣಿನ ಕುಂಡವೇ ಒಳ್ಳೆಯದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಸ್ವಲ್ಪ ಹಳೆಯ ಕಾಂಪೋಸ್ಟ್. ನೀರು ಹಿಡಿದಿಡುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೇಡ, ಹಸಿ ಸಗಣಿಗೊಬ್ಬರವಂತೂ ಬೇಡವೇ ಬೇಡ. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ತಪ್ಪು ನಂಬಿಕೆ. ತೂತಿನ ಮೇಲೊಂದು ಹೆಂಚಿನ ಚೂರು ಸಾಕು.

ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ ಗೆಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟು ಮುಚ್ಚಿ. ಗೆಡ್ಡೆಯ ಬೆನ್ನು ಮೇಲೆ ಕಾಣುತ್ತಿರಬೇಕು. ಬಿಸಿಲು ಸುಡುವ ಊರಾದರೆ ತೆಳ್ಳಗೆ ಮಣ್ಣು ಉದುರಿಸಿ, ಹೂಳಬೇಡಿ.

ನೆಟ್ಟ ದಿನ ಒಮ್ಮೆ ನೀರು. ಮತ್ತೆ ಹಾಕುವ ಮುನ್ನ ಬೆರಳು ಚುಚ್ಚಿ ನೋಡಿ, ಎರಡಿಂಚು ಒಣಗಿರಬೇಕು. ಕುಂಡದಡಿಯ ತಟ್ಟೆ ತೆಗೆದಿಡಿ. ಮಳೆಗಾಲದಲ್ಲಿ ಸೂರಿನಡಿಗೆ ಸರಿಸಿ.

ನಡುವಿನ ಎಲೆ ಬುಡದಲ್ಲಿ ಹಳದಿಯಾಗಿ, ಎಳೆದರೆ ಕೈಗೇ ಬಂದರೆ ತಡಮಾಡಬೇಡಿ. ಗಿಡ ಕಿತ್ತು, ಕೆತ್ತಿ, ಒಣಗಿಸಿ ಹೊಸ ಮಣ್ಣಿಗೆ ನೆಡಿ. ಹಳೆಯ ಮಣ್ಣನ್ನು ಬೇರೆ ಕುಂಡಗಳಿಗೆ ಬಳಸಬೇಡಿ.