ವಾರ್ಡಿನಲ್ಲಿ ಭೇದಿ: ಯಾವ ಪರೀಕ್ಷೆ, ಯಾರಿಗೆ

ಲ್ಯಾಬ್ ಫಾರ್ಮ್ ತುಂಬುವ ಮೊದಲು ಎರಡು ವಿಷಯ ನೋಡಿ: ರೋಗಿ ದಾಖಲಾದ ತಾರೀಕು, ಔಷಧಿ ಚಾರ್ಟ್. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮಂಗಳೂರು, ಉಡುಪಿಯಲ್ಲಿ ಮಳೆಗಾಲ ಬಂತೆಂದರೆ ಭೇದಿಗೆಲ್ಲ ಸ್ಟೂಲ್ ಕಲ್ಚರ್ (ಮಲದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಕಳಿಸುವ ಅಭ್ಯಾಸವಿದೆ. ಹೊರಗಿನಿಂದಲೇ ಭೇದಿ ಹೊತ್ತು ಬಂದವರಿಗೆ ಅದು ಸರಿ, ಅದರಲ್ಲೂ ಜ್ವರ, ರಕ್ತ, ಅಕ್ಕಿ ತೊಳೆದ ನೀರಿನಂಥ ಮಲ ಇದ್ದರೆ. (ನಮ್ಮ ಕುಚ್ಚಲಕ್ಕಿ ಗಂಜಿಯ ಕೆಂಪು ತಿಳಿಯಲ್ಲ, ಬೆಳ್ತಿಗೆ ತೊಳೆದ ಮಸುಕು ನೀರು.) ಕಾಲರಾ ಸಂಶಯವಿದ್ದರೆ ಫಾರ್ಮ್‌ನಲ್ಲಿ ಬರೆಯಿರಿ, ಬರೆಯದಿದ್ದರೆ ಕಾಲರಾ ಬ್ಯಾಕ್ಟೀರಿಯಾ ಬೆಳೆಸುವ ಟಿಸಿಬಿಎಸ್ ಪ್ಲೇಟಿಗೆ ಲ್ಯಾಬಿನವರು ಹಾಕದೆ ಹೋಗಬಹುದು. ಮಾದರಿ ತಲುಪಲು 2 ಗಂಟೆ ಮೀರುವುದಾದರೆ ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮ ಬೇಕು.

ದಾಖಲಾಗಿ 3 ದಿನ ಕಳೆದ ಮೇಲೆ ಶುರುವಾದ ಭೇದಿಯಲ್ಲಿ ಕಲ್ಚರ್, ಪರೋಪಜೀವಿ ಪರೀಕ್ಷೆಗಳಿಂದ ಏನಾದರೂ ಸಿಗುವುದು ಅಪರೂಪ. ಎಚ್‌ಐವಿ, ನ್ಯೂಟ್ರೋಪೀನಿಯಾ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ಕಡಿಮೆ) ಇದ್ದವರು, ವಾರ್ಡಿನಲ್ಲಿ ಹಲವರಿಗೆ ಒಟ್ಟಿಗೆ ಭೇದಿಯಾದ ಸಂದರ್ಭ ಇದಕ್ಕೆ ಹೊರತು. ಉಳಿದವರಲ್ಲಿ ಮೊದಲು ಚಾರ್ಟ್‌ನಲ್ಲಿ ಭೇದಿ ತರುವಂಥವನ್ನು, ಅಂದರೆ ವಿರೇಚಕವಾದ ಲ್ಯಾಕ್ಟುಲೋಸ್, ಮೆಗ್ನೀಸಿಯಂ ಇರುವ ಆಂಟಾಸಿಡ್, ಮೆಟ್‌ಫಾರ್ಮಿನ್, ಟ್ಯೂಬ್ ಫೀಡ್, ಸಾರ್ಬಿಟಾಲ್ ಬೆರೆತ ಸಿರಪ್ ಹುಡುಕಿ. ಮಲಗಿದ್ದಲ್ಲೇ ಇರುವ ವೃದ್ಧರಲ್ಲಿ ಗುದ ಪರೀಕ್ಷೆ ಬಿಡಬೇಡಿ: ಗಟ್ಟಿ ಮಲ ಕಟ್ಟಿಕೊಂಡು ಅದರ ಪಕ್ಕದಿಂದ ನೀರು ಸೋರುವುದೂ ಭೇದಿಯಂತೆಯೇ ಕಾಣುತ್ತದೆ.

ಕಾರಣ ಕಾಣದೆ 24 ಗಂಟೆಯಲ್ಲಿ 3 ಅಥವಾ ಹೆಚ್ಚು ಸಲ ತೆಳುವಾಗಿ ಹೋದರೆ, ಮುಖ್ಯವಾಗಿ ಆಂಟಿಬಯೋಟಿಕ್ ಪಡೆದವರಲ್ಲಿ, ಕ್ಲಾಸ್ಟ್ರಿಡಿಯೋಯಿಡಿಸ್ ಡಿಫಿಸಿಲ್ (ಆಂಟಿಬಯೋಟಿಕ್ ನಂತರ ಕರುಳಿನಲ್ಲಿ ಹೆಚ್ಚಿ ಭೇದಿ ತರುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಹಿಂದಿನ 48 ಗಂಟೆಯಲ್ಲಿ ವಿರೇಚಕ ಕೊಟ್ಟಿದ್ದರೆ ಸಾಮಾನ್ಯವಾಗಿ ಕಾಯುವುದು ಒಳಿತು. ಡಬ್ಬಿಯನ್ನು ಓರೆ ಮಾಡಿ ನೋಡಿ: ಮಲ ಡಬ್ಬಿಯ ಆಕಾರ ತಾಳಬೇಕು, ಗಟ್ಟಿಯಾಗಿ ನಿಂತರೆ ಕಳಿಸಬೇಡಿ. ಪರೀಕ್ಷೆಯಲ್ಲಿ ಹುಡುಕುವ ಟಾಕ್ಸಿನ್ (ಈ ಬ್ಯಾಕ್ಟೀರಿಯಾದ ವಿಷ) ಕೋಣೆಯ ಬಿಸಿಗೆ ಬೇಗ ಕೆಡುತ್ತದೆ, ನಮ್ಮ ಕರಾವಳಿಯ ಸೆಕೆಗಂತೂ ಹೇಳುವುದೇ ಬೇಡ. ಕೂಡಲೇ ಕಳಿಸಿ, ಇಲ್ಲವೇ 2–8 ಡಿಗ್ರಿಯಲ್ಲಿಡಿ. ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಮಧ್ಯಾಹ್ನವಿಡೀ ಕುಳಿತ ಡಬ್ಬಿಯ ನೆಗೆಟಿವ್ ನಂಬಲರ್ಹವಲ್ಲ.

ಜಿಡಿಎಚ್ (ಈ ಬ್ಯಾಕ್ಟೀರಿಯಾ ಇರುವುದನ್ನು ತೋರಿಸುವ ಕಿಣ್ವ), ಟಾಕ್ಸಿನ್ ಎರಡೂ ಪಾಸಿಟಿವ್ ಬಂದರೆ ಚಿಕಿತ್ಸೆ; ಎರಡೂ ನೆಗೆಟಿವ್ ಆದರೆ ಬೇರೆ ಕಾರಣ ಹುಡುಕಿ; ಒಂದಕ್ಕೊಂದು ಹೊಂದದಿದ್ದರೆ ಪಿಸಿಆರ್ (ಟಾಕ್ಸಿನ್‌ನ ಜೀನ್ ಹುಡುಕುವ ಪರೀಕ್ಷೆ). ಪಿಸಿಆರ್ ಒಂದನ್ನೇ ನೆಚ್ಚಿಕೊಂಡರೆ ರೋಗವಿಲ್ಲದೆ ಬ್ಯಾಕ್ಟೀರಿಯಾ ಹೊತ್ತವರಿಗೂ ಔಷಧಿ ಹೋಗುತ್ತದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಡಿಫಿಸಿಲ್ ಪರೀಕ್ಷೆ ಬೇಡ, ಅವರಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚಾಗಿ ರೋಗವಿಲ್ಲದೆಯೇ ನೆಲೆಸಿರುತ್ತದೆ. ಅದೇ ಭೇದಿಗೆ 7 ದಿನದೊಳಗೆ ಮತ್ತೆ ಕಳಿಸಬೇಡಿ. ವಾಸಿಯಾಯಿತೇ ಎಂದು ನೋಡಲೂ ಬೇಡ, ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು.

ವರದಿಗೆ ಕಾಯುವಾಗ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವುದು), ಪೊಟ್ಯಾಸಿಯಂ ನೋಡಿ. ಕೈಗೆ ಸ್ಯಾನಿಟೈಸರ್ ಸಾಲದು, ಡಿಫಿಸಿಲ್‌ನ ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಅದಕ್ಕೆ ಸಾಯುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆಯಿರಿ.