ಟೈಮಿಂಗ್ ಬೆಲ್ಟ್: ಗುರುತು ಕೂಡಿದ ಮೇಲೆಯೇ ಚಾವಿ ತಿರುಗಿಸಿ

ತೋರಣಗಲ್ಲು, ಸಂಡೂರಿನ ಕಡೆ ಓಡಾಡುವ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಅದಿರಿನ ಕೆಂಪು ದೂಳು ಕೂತಿರುತ್ತದೆ. ಟೈಮಿಂಗ್ ಬೆಲ್ಟ್ ಮುಚ್ಚಿರುವ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಆ ದೂಳು ಒಳಗೆ ಸೇರಿ ಬೆಲ್ಟಿನ ಹಲ್ಲುಗಳನ್ನು ಅರದಂತೆ ಉಜ್ಜುತ್ತದೆ. ಅದರ ಜೊತೆಗೆ 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಗೆ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಹೆಚ್ಚಿನ ಕಾರುಗಳಿಗೆ ಕಂಪನಿಗಳು 60 ಸಾವಿರದಿಂದ 1 ಲಕ್ಷ ಕಿ.ಮೀ. ಒಳಗೆ ಬೆಲ್ಟ್ ಬದಲಿಸಲು ಹೇಳುತ್ತವೆ. ಜೊತೆಗೆ ಇಷ್ಟು ವರ್ಷ ಎಂಬ ಲೆಕ್ಕವೂ ಇರುತ್ತದೆ. ನಮ್ಮ ಭಾಗದವರು ಆ ವರ್ಷದ ಲೆಕ್ಕವನ್ನು ಮರೆಯಲೇಬಾರದು.

ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಹೊಂದಾಣಿಕೆಯನ್ನು ಹಿಡಿದಿಡುವುದು ಹಲ್ಲಿನ ಈ ರಬ್ಬರ್ ಪಟ್ಟಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ಓಡುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಬೆಲ್ಟ್ ಹರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕಾಗುತ್ತದೆ.

ನಿಮ್ಮ ಕಾರಿನಲ್ಲಿ ಇರುವುದು ಬೆಲ್ಟೋ ಚೈನೋ ಎಂದು ಮೊದಲು ತಿಳಿದುಕೊಳ್ಳಿ. ಹಳೆಯ ಮಾರುತಿ 800, ಹಳೆಯ ಸ್ಯಾಂಟ್ರೊಗಳಲ್ಲಿ ಬೆಲ್ಟ್ ಇದೆ; ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಚೈನ್. ಡಸ್ಟರ್‌ನ 1.5 ಡೀಸೆಲ್‌ನಲ್ಲೂ ಬೆಲ್ಟೇ ಇದೆ, ಆದರೆ ಅದಕ್ಕೆ ಎಂಜಿನ್ ಲಾಕ್ ಮಾಡುವ ಪಿನ್‌ಗಳು ಬೇಕು. ಮೊದಲ ಸಲ ಕೈ ಹಾಕುವವರು ಒಂದೇ ಕ್ಯಾಮ್ ಇರುವ ಸಣ್ಣ ಪೆಟ್ರೋಲ್ ಎಂಜಿನ್‌ನಿಂದ ಶುರು ಮಾಡುವುದೇ ಸರಿ.

ಬೆಲ್ಟ್ ಒಂದನ್ನೇ ತರಬೇಡಿ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಅದಕ್ಕೆ ದಾರಿ ತೋರುವ ಐಡ್ಲರ್ ಬೇರಿಂಗ್ ಸಹ ಹೊಸದಿರಲಿ. ವಾಟರ್ ಪಂಪ್ ಇದೇ ಬೆಲ್ಟ್‌ನಿಂದ ತಿರುಗುವಂತಿದ್ದರೆ ಅದನ್ನೂ ಈಗಲೇ ಬದಲಿಸಿ; ನಾಳೆ ಅದು ಸೋರಿದರೆ ಇಷ್ಟೂ ಕೆಲಸ ಮತ್ತೆ ಮಾಡಬೇಕು. ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಮತ್ತು ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಕೆಲಸಕ್ಕೆ ಇಳಿಯಬೇಡಿ.

ಬಿಚ್ಚುವ ಕೆಲಸ

ರಾತ್ರಿಯೆಲ್ಲ ನಿಂತು ತಣ್ಣಗಾದ ಕಾರು, ಸಮತಟ್ಟಾದ ನೆಲ, ಬೆಳಗಿನ ಹೊತ್ತು. ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ಕಳಚಿ. ಬೆಲ್ಟ್ ಇರುವ ಬದಿಯ ಮುಂದಿನ ಗಾಲಿ ಬಿಚ್ಚಿ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಆಲ್ಟರ್ನೇಟರ್, ಎ.ಸಿ. ಬೆಲ್ಟ್‌ಗಳನ್ನು ತೆಗೆಯಿರಿ. ಎಂಜಿನ್ ಮೌಂಟ್ ಬಿಚ್ಚಬೇಕಿದ್ದರೆ ಆಯಿಲ್ ಪ್ಯಾನ್ ಕೆಳಗೆ ಹಲಗೆಯಿಟ್ಟು ಜಾಕ್‌ನಿಂದ ಎಂಜಿನ್‌ಗೆ ಆಸರೆ ಕೊಡಿ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಲು ಬಿಗಿ. ಗೇರನ್ನು ಐದಕ್ಕೆ ಹಾಕಿ, ಮನೆಯವರೊಬ್ಬರನ್ನು ಬ್ರೇಕ್ ಒತ್ತಿ ಕೂರಲು ಹೇಳಿ, ಉದ್ದ ಹಿಡಿಕೆಯ ರೆಂಚಿನಿಂದ ಸಡಿಲಿಸಿ. ಸ್ಟಾರ್ಟರ್ ಹೊಡೆದು ಬೋಲ್ಟ್ ಬಿಡಿಸುವ ಉಪಾಯ ಕೆಲವರು ಹೇಳುತ್ತಾರೆ; ಅದು ಕೈ ಮುರಿಯುವ ಕೆಲಸ. ಸಡಿಲವಾದ ಮೇಲೆ ಪುಲ್ಲಿ ಮತ್ತು ಬೆಲ್ಟಿನ ಕವರ್ ತೆಗೆದು, ಬೋಲ್ಟನ್ನು ಮತ್ತೆ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ.

ಗುರುತು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ತೂತುಗಳಿಗೆ ಶುಭ್ರ ಬಟ್ಟೆ ಮುಚ್ಚಿ. ಕ್ರ್ಯಾಂಕ್ ಬೋಲ್ಟ್ ಹಿಡಿದು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ, ಕ್ರ್ಯಾಂಕ್ ಮತ್ತು ಕ್ಯಾಮ್ ಹಲ್ಲುಚಕ್ರಗಳ ಗುರುತುಗಳು ಎಂಜಿನ್ ಮೇಲಿನ ಗುರುತುಗಳಿಗೆ ಎದುರಾಗಲಿ. ಕ್ರ್ಯಾಂಕ್ ಸರಿಯಾಗಿ ಬಂದು ಕ್ಯಾಮ್ ಮಾತ್ರ ಅರ್ಧ ಸುತ್ತು ದೂರವಿದ್ದರೆ ಗಾಬರಿ ಬೇಡ, ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿ. ಕೂಡಿದ ಗುರುತುಗಳ ಮೇಲೆ ಉಗುರುಬಣ್ಣ ಹಚ್ಚಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಈಗ ಟೆನ್ಷನರ್ ಸಡಿಲಿಸಿ ಹಳೆಯ ಬೆಲ್ಟ್ ತೆಗೆಯಿರಿ. ತಂದ ಹೊಸ ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಈಗಲೇ ಹಾಕಿ. ಹೊಸದು ಹಾಕುವವರೆಗೆ ಕ್ರ್ಯಾಂಕನ್ನೂ ಕ್ಯಾಮನ್ನೂ ಅಲುಗಿಸಬೇಡಿ. ಸೀಲ್‌ಗಳ (ಆಯಿಲ್ ಹೊರಬರದಂತೆ ತಡೆಯುವ ಉಂಗುರಗಳು) ಸುತ್ತ ಆಯಿಲ್ ಜಿನುಗಿದೆಯೇ ನೋಡಿ. ಜಿನುಗಿದ್ದರೆ ಸೀಲ್ ಬದಲಿಸದೆ ಮುಂದೆ ಹೋಗಬೇಡಿ. ಆಯಿಲ್ ತಾಗಿದ ಬೆಲ್ಟ್ ಬಾಳುವುದಿಲ್ಲ.

ಗಾಳಿ ಎದ್ದಿದ್ದರೆ ಹೊಸ ಬೆಲ್ಟ್‌ನ ಪೊಟ್ಟಣ ಒಡೆಯಬೇಡಿ, ಸ್ವಲ್ಪ ಕಾಯಿರಿ. ಅದನ್ನು ಮಡಚಬಾರದು, ತಿರುಚಬಾರದು, ಸ್ಕ್ರೂಡ್ರೈವರ್‌ನಿಂದ ಮೀಟಿ ಕೂರಿಸಲೂಬಾರದು. ಕ್ರ್ಯಾಂಕ್‌ನಿಂದ ಶುರು ಮಾಡಿ ಟೆನ್ಷನರ್ ಇಲ್ಲದ ಬದಿಯಲ್ಲಿ ಬೆಲ್ಟ್ ಬಿಗಿಯಾಗಿರುವಂತೆ ಕ್ಯಾಮ್‌ಗೆ ಹಾಯಿಸಿ, ಕೊನೆಗೆ ಟೆನ್ಷನರ್ ಕಡೆ ತನ್ನಿ. ಬಿಗಿ ಎಷ್ಟಿರಬೇಕು ಎಂಬುದು ಮ್ಯಾನ್ಯುಯಲ್‌ನಲ್ಲಿರುತ್ತದೆ.

ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ: ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು, ಬಲ ಹಾಕಿದರೆ ವಾಲ್ವ್ ಬಾಗುತ್ತದೆ. ಎರಡು ಸುತ್ತು ಮುಗಿದಾಗ ಚಕ್ರಗಳ ಗುರುತು ಮತ್ತೆ ಕೂಡಬೇಕು. ಬೆಲ್ಟ್ ಮೇಲೂ ನೀವು ಗುರುತು ಹಾಕಿದ್ದರೆ ಅದು ಜಾಗ ಬಿಟ್ಟಿರುತ್ತದೆ. ಅದು ಸಹಜ, ಚಕ್ರದ ಗುರುತನ್ನಷ್ಟೇ ನೋಡಿ. ಒಂದೇ ಒಂದು ಹಲ್ಲು ಆಚೀಚೆ ಇದ್ದರೂ ಬೆಲ್ಟ್ ತೆಗೆದು ಮತ್ತೆ ಹಾಕಿ. ಇಲ್ಲಿ ಬೇಸರ ಪಡಬಾರದು.

ಬಿಚ್ಚಿದ ಕ್ರಮಕ್ಕೆ ಹಿಮ್ಮುಖವಾಗಿ ಎಲ್ಲ ಜೋಡಿಸಿ, ಬೋಲ್ಟ್‌ಗಳನ್ನು ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಒಡೆದ ಕವರನ್ನು ಮತ್ತೆ ಕೂರಿಸಬೇಡಿ, ಹೊಸದು ಹಾಕಿಸಿ. ವಾಟರ್ ಪಂಪ್ ಬದಲಿಸಿದ್ದರೆ ಕೂಲೆಂಟ್ ತುಂಬಿ, ಒಳಗಿನ ಗಾಳಿ ತೆಗೆಯಿರಿ. ಎಂಜಿನ್ ಶುರು ಮಾಡಿ ಕಿವಿಗೊಡಿ: ಕೀರಲು ಸದ್ದು ಬಂದರೆ ಬೆಲ್ಟ್ ಅತಿ ಬಿಗಿ ಇರಬಹುದು, ಕವರ್‌ಗೆ ಪಟಪಟ ಬಡಿದರೆ ಸಡಿಲ. ಎರಡರಲ್ಲಿ ಯಾವುದು ಕೇಳಿದರೂ ಆಗಲೇ ಎಂಜಿನ್ ನಿಲ್ಲಿಸಿ, ಕವರ್ ಬಿಚ್ಚಿ ಟೆನ್ಷನರ್ ನೋಡಿ.